ಒಬ್ಬರು ಲಾಕ್ ಮಾಡಿ ಅಂತಾರೆ, ಇನ್ನೊಬ್ಬರು ಕೀ ಬಾಗಿಲ ಹತ್ತಿರ ಇಡಿ ಅಂತಾರೆ: ಯಾರ ಮಾತು ಕೇಳುವುದು?

2024ರ ಮಾರ್ಚ್‌ನಲ್ಲಿ ಕೆನಡಾದ ಟೊರಾಂಟೊದಿಂದ ಬಂದ ಒಂದು ಸುದ್ದಿ ಬಹಳ ಜನರ ತಲೆ ಕೆಡಿಸಿತು. ಕಾರು ಕಳ್ಳತನ ಜಾಸ್ತಿಯಾಗಿದೆ ಎಂದು ಪೊಲೀಸರು ಜನರ ಜೊತೆ ಒಂದು ಸಭೆ ನಡೆಸಿದ್ದರು. ಅಲ್ಲಿ ಒಬ್ಬ ಅಧಿಕಾರಿ, ಕಾರಿನ ಕೀಯನ್ನು ಮುಂಬಾಗಿಲ ಹತ್ತಿರವೇ ಇಟ್ಟುಬಿಡಿ ಎಂದರು. ಕಳ್ಳರು ಮನೆಗೆ ನುಗ್ಗುವುದು ಕಾರಿಗಾಗಿ, ಅವರಿಗೆ ಬೇರೇನೂ ಬೇಡ, ಕೀ ಬೇಗ ಸಿಕ್ಕರೆ ನಿಮ್ಮ ಮೈಮೇಲೆ ಬರುವುದಿಲ್ಲ ಎನ್ನುವುದು ಅವರ ಲೆಕ್ಕ. ಸುದ್ದಿ ಜಗತ್ತೆಲ್ಲ ಸುತ್ತಿತು. ಪೊಲೀಸರೇ ಕೈಚೆಲ್ಲಿದರಾ ಎಂದು ಜನ ಕೇಳಿದರು. ಸಲಹೆಯ ಉದ್ದೇಶ ಒಳ್ಳೆಯದೇ, ಆದರೆ ಇಂಥ ದಾಳಿ ತಡೆಯಲು ಬೇರೆ ದಾರಿಗಳೂ ಇವೆ ಎಂದು ಇಲಾಖೆ ಆಮೇಲೆ ವಿವರಣೆ ಕೊಡಬೇಕಾಯಿತು.

ಇನ್ನೊಂದು ಕಡೆ ನೋಡಿ. ಅಮೆರಿಕದ ಫ್ಲಾರಿಡಾ ರಾಜ್ಯದ ಪ್ಯಾಸ್ಕೊ ಕೌಂಟಿಯ ಪೊಲೀಸರು 2017ರಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಜನರಿಗೆ ಒಂದು ನೆನಪೋಲೆ ಕಳಿಸಲು ಶುರು ಮಾಡಿದರು. ಕಾರಿನಿಂದ ಬೆಲೆಬಾಳುವ ವಸ್ತು ಎತ್ತಿಕೊಳ್ಳಿ, ಕಾರು ಲಾಕ್ ಮಾಡಿ, ಮನೆ ಬಾಗಿಲು ಹಾಕಿ, ಹೊರಗಿನ ದೀಪ ಹಚ್ಚಿ. ಇಷ್ಟೇ. ಇದು ಎಷ್ಟು ಹಿಡಿಸಿತೆಂದರೆ ಬೇರೆ ಊರುಗಳ ಪೊಲೀಸರೂ ಇದನ್ನೇ ಮಾಡತೊಡಗಿದರು. ಅದೇ ದೇಶದ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಕೆಲವರು ಇದಕ್ಕೆ ಪೂರ್ತಿ ಉಲ್ಟಾ ನಡೆದುಕೊಳ್ಳುತ್ತಿದ್ದರು. ಕಾರನ್ನು ಖಾಲಿ ಮಾಡಿ, ಕಿಟಕಿ ಇಳಿಸಿ, ಡಿಕ್ಕಿ ತೆರೆದಿಟ್ಟು ಹೋಗುತ್ತಿದ್ದರು. ಒಳಗೆ ಏನೂ ಇಲ್ಲ, ಗಾಜು ಮಾತ್ರ ಒಡೆಯಬೇಡಪ್ಪಾ ಎಂದು ಕಳ್ಳನಿಗೆ ಹೇಳಿದ ಹಾಗೆ.

ಮೂರೂ ಸಲಹೆ ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ, ಅಲ್ವಾ? ಲಾಕ್ ಮಾಡಿದರೆ ಪ್ರಯೋಜನ ಇದೆಯೋ ಇಲ್ಲವೋ? ಇದೆ. ಆದರೆ ಎಲ್ಲ ಕಳ್ಳರ ಎದುರೂ ಇಲ್ಲ. ಗೊಂದಲ ಹುಟ್ಟುವುದೇ ನಾವು "ಕಳ್ಳ" ಎಂದಾಗ ಒಬ್ಬನೇ ವ್ಯಕ್ತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದರಿಂದ.

ಹಿಡಿ ಎಳೆದು ನೋಡುವವನು

ಮೊದಲ ಬಗೆಯ ಕಳ್ಳನ ಕೈಯಲ್ಲಿ ಹತಾರವೇ ಇರುವುದಿಲ್ಲ. ರಾತ್ರಿ ಒಂದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ. ಸಾಲಾಗಿ ನಿಂತ ಕಾರುಗಳ ಬಾಗಿಲ ಹಿಡಿಯನ್ನು ಒಂದೊಂದಾಗಿ ಎಳೆದು ನೋಡುತ್ತಾನೆ. ತೆರೆಯದಿದ್ದರೆ ಮುಂದಿನದಕ್ಕೆ ಹೋಗುತ್ತಾನೆ. ತೆರೆದರೆ ಒಳಗೆ ತಲೆ ಹಾಕಿ ಡ್ಯಾಶ್‌ಬೋರ್ಡಿನ ಡಬ್ಬಿ, ಸೀಟಿನ ಕೆಳಗೆ, ಬಾಗಿಲ ಜೇಬು ಎಲ್ಲ ಕೈಯಾಡಿಸುತ್ತಾನೆ. ಒಂದು ನಿಮಿಷವೂ ಬೇಕಾಗುವುದಿಲ್ಲ. ಗಾಜು ಒಡೆಯುವ ಸದ್ದಿಲ್ಲ, ಅಲಾರಂ ಕೂಗುವುದಿಲ್ಲ. ಯಾರಾದರೂ ಕಂಡು ಕೇಳಿದರೆ, ನನ್ನ ಕಾರು ಅಂದುಕೊಂಡೆ ಎನ್ನಬಹುದು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುವ ಮಾತು ಇಲ್ಲಿ ಅಕ್ಷರಶಃ ಕೆಲಸ ಮಾಡುತ್ತದೆ. ಗಾಜು ಒಡೆದವನಿಗೆ ಆ ನೆವ ಸಿಗುವುದಿಲ್ಲ.

ಕೆಲವು ಕಾರುಗಳಲ್ಲಿ ಅವನು ಹಿಡಿ ಎಳೆಯುವ ಕಷ್ಟವನ್ನೂ ಪಡಬೇಕಿಲ್ಲ. ಲಾಕ್ ಮಾಡಿದ ಕೂಡಲೇ ಪಕ್ಕದ ಕನ್ನಡಿಗಳು ತಾವಾಗಿಯೇ ಮಡಚಿಕೊಳ್ಳುವ ವ್ಯವಸ್ಥೆ ಈಗ ಎಷ್ಟೋ ಮಾದರಿಗಳಲ್ಲಿದೆ. ಮಾಲೀಕರಿಗೆ ಅದು ಅನುಕೂಲ. ದೂರದಿಂದ ನೋಡುವವನಿಗೂ ಅನುಕೂಲ. ಅದೇ ಮಾದರಿಯ ಕಾರಿನ ಕನ್ನಡಿ ರಾತ್ರಿ ಬಿಚ್ಚಿಕೊಂಡೇ ಇದ್ದರೆ ಲಾಕ್ ಆಗಿಲ್ಲ ಎಂದು ಬೀದಿಯ ಆಚೆಯಿಂದಲೇ ಗೊತ್ತಾಗುತ್ತದೆ. ಹಲವು ಕಡೆ ಪೊಲೀಸರು ಇದರ ಬಗ್ಗೆ ಎಚ್ಚರಿಸಿದ್ದಾರೆ.

ಮನೆಗಳ ವಿಷಯದಲ್ಲೂ ಇಂಥವರಿದ್ದಾರೆ. ಮನೆಯವರು ಹಿತ್ತಲಲ್ಲಿ ಇರುವಾಗ ಮುಂಬಾಗಿಲಿಂದ ಒಳಗೆ ಬಂದು ಮೇಜಿನ ಮೇಲಿನ ಫೋನು, ಪರ್ಸು, ಕೀ ಗೊಂಚಲು ಎತ್ತಿಕೊಂಡು ಹೋಗುತ್ತಾರೆ. ಅಮೆರಿಕದ ಎಫ್‌ಬಿಐ 2019ರಲ್ಲಿ ಕೊಟ್ಟ ಲೆಕ್ಕದಂತೆ, ಪೊಲೀಸರ ಬಳಿ ದಾಖಲಾದ ಕನ್ನಗಳವುಗಳಲ್ಲಿ ಶೇ. 55.7ರಲ್ಲಿ ಬಲ ಬಳಸಿ ಒಳನುಗ್ಗಲಾಗಿತ್ತು. ಶೇ. 37.8ರಲ್ಲಿ ಏನನ್ನೂ ಮುರಿಯದೆ ಒಳಗೆ ಹೋಗಲಾಗಿತ್ತು. ಉಳಿದವು ವಿಫಲ ಯತ್ನಗಳು. ಈ ಶೇ. 37.8 ಪೂರ್ತಿ ತೆರೆದ ಬಾಗಿಲಿನದು ಎಂದು ಓದಬಾರದು. ನಕಲಿ ಕೀ ಇದ್ದವರು, ಹಳೆಯ ಬಾಡಿಗೆದಾರರು, ಪರಿಚಯದವರು ಎಲ್ಲ ಇದರಲ್ಲಿ ಬರುತ್ತಾರೆ. ಹಾಗೇ ಇನ್ನೊಂದು ಕಡೆ, ಲಾಕ್ ಮಾಡದ ಕಾರಿನಿಂದ ಚಿಲ್ಲರೆ ಹಣ, ಚಾರ್ಜರ್ ಹೋದವರು ಹೆಚ್ಚಾಗಿ ದೂರು ಕೊಡಲು ಹೋಗುವುದೇ ಇಲ್ಲ. ನಾಚಿಕೆಯೂ ಒಂದು ಕಾರಣ. ಹಾಗಾಗಿ ಈ ಥರದ ಕಳ್ಳತನ ದಾಖಲೆಯಲ್ಲಿ ಕಾಣುವುದಕ್ಕಿಂತ ಜಾಸ್ತಿಯೇ ಇರುತ್ತದೆ.

ಎರಡನೆಯ ಬಗೆಯ ಕಳ್ಳ ಬೇರೆ. ಅವನಿಗೆ ಯಾವ ಮಾದರಿಯ ಕಾರು ಬೇಕು ಎಂದು ಮೊದಲೇ ಗೊತ್ತು. ಅದನ್ನು ಕೊಳ್ಳುವವನೂ ಗೊತ್ತು. ಸಾಧನ ಇದೆ, ಜೊತೆಗಾರರಿದ್ದಾರೆ. ಬಾಗಿಲು ಲಾಕ್ ಆಗಿದೆಯೋ ಇಲ್ಲವೋ ಎನ್ನುವುದು ಅವನಿಗೆ ಅರ್ಧ ನಿಮಿಷದ ವ್ಯತ್ಯಾಸ ಅಷ್ಟೇ. ಫ್ಲಾರಿಡಾದ ನೆನಪೋಲೆ ಮೊದಲನೆಯವನಿಗಾಗಿ. ಟೊರಾಂಟೊ ಅಧಿಕಾರಿ ಮಾತಾಡಿದ್ದು ಎರಡನೆಯವನ ಬಗ್ಗೆ. ಇಬ್ಬರಿಗೂ ಒಂದೇ ಮದ್ದು ಹುಡುಕಲು ಹೋದರೆ ಯಾವ ಸಲಹೆಯೂ ಸರಿ ಕಾಣುವುದಿಲ್ಲ.

ಅವಕಾಶ ಸಿಕ್ಕರೆ ಕಳ್ಳತನ ಹೆಚ್ಚುತ್ತಾ?

ಕದಿಯಬೇಕು ಎಂದು ನಿರ್ಧರಿಸಿದವನು ಹೇಗಾದರೂ ಕದಿಯುತ್ತಾನೆ ಎನ್ನುವುದು ಬಹಳ ಜನರ ನಂಬಿಕೆ. ಅಪರಾಧಶಾಸ್ತ್ರವೂ ಬಹಳ ಕಾಲ ಹೀಗೇ ಯೋಚಿಸುತ್ತಿತ್ತು. ಬಡತನ, ಬೆಳೆದ ರೀತಿ, ಸಹವಾಸ ಇವನ್ನೇ ಕಾರಣ ಎಂದು ನೋಡುತ್ತಿತ್ತು. 1979ರಲ್ಲಿ ಲಾರೆನ್ಸ್ ಕೊಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಇಬ್ಬರು ಅಮೆರಿಕನ್ ಸಮಾಜಶಾಸ್ತ್ರಜ್ಞರು ಪ್ರಶ್ನೆಯನ್ನೇ ತಿರುಗಿಸಿದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜನರ ಸ್ಥಿತಿಗತಿ ಸುಧಾರಿಸಿತು, ಆದರೂ ಕಳ್ಳತನ ಏರಿತು. ಯಾಕೆ?

ಅವರ ಉತ್ತರ ಸರಳ. ಕಳ್ಳತನ ನಡೆಯಲು ಮೂರು ಸಂಗತಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕೂಡಬೇಕು. ಕದಿಯುವ ಮನಸ್ಸಿರುವವನು, ಕದಿಯಲು ತಕ್ಕ ವಸ್ತು, ಜೊತೆಗೆ ಅದನ್ನು ಕಾಯುವವರು ಇಲ್ಲದಿರುವುದು. ಯುದ್ಧದ ನಂತರ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರು, ಮನೆಗಳು ಹಗಲು ಖಾಲಿಯಾದವು. ಟಿವಿ, ರೇಡಿಯೊಗಳು ಹಗುರವಾದವು, ಹೊತ್ತುಕೊಂಡು ಹೋಗುವುದು ಸುಲಭವಾಯಿತು. ಕಳ್ಳರ ಮನಸ್ಸು ಬದಲಾಗಬೇಕಾದ ಅಗತ್ಯವೇ ಇರಲಿಲ್ಲ. ಅವರ ಕೆಲಸ ಸುಲಭವಾಯಿತು, ಅಷ್ಟೇ.

ಲಾಕ್ ಮಾಡದ ಬಾಗಿಲು ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಳ್ಳನ ಮುಂದೆ ಮೂರು ತೂಕಗಳಿರುತ್ತವೆ: ಎಷ್ಟು ಹೊತ್ತು ಬೇಕು, ಎಷ್ಟು ಸದ್ದಾಗುತ್ತದೆ, ಸಿಕ್ಕಿಬಿದ್ದರೆ ನೆವ ಹೇಳುವುದು ಎಷ್ಟು ಕಷ್ಟ. ಲಾಕ್ ಮೂರನ್ನೂ ಒಟ್ಟಿಗೆ ಏರಿಸುತ್ತದೆ. ಲಾಕ್ ಇಲ್ಲದಿದ್ದರೆ ಮೂರೂ ಸೊನ್ನೆಗೆ ಬರುತ್ತವೆ.

ಇದಕ್ಕೆ ಕಳ್ಳರ ಬಾಯಿಂದಲೇ ಬಂದ ಪುರಾವೆ ಇದೆ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಶಾರ್ಲಟ್ ಕ್ಯಾಂಪಸ್ಸಿನ ಸಂಶೋಧಕರು ಮೂರು ರಾಜ್ಯಗಳ ಜೈಲುಗಳಲ್ಲಿದ್ದ 422 ಕನ್ನಗಳ್ಳರನ್ನು ಕೇಳಿ ನೋಡಿದರು. ಸಾಮಾನ್ಯವಾಗಿ ಮೊದಲೇ ಯೋಜನೆ ಹಾಕುತ್ತೇವೆ ಎಂದವರು ಸುಮಾರು ಶೇ. 12. ಬಹುತೇಕ ಆ ಕ್ಷಣದಲ್ಲೇ ಮನಸ್ಸು ಮಾಡಿದ್ದು ಎಂದವರು ಶೇ. 41. ಒಮ್ಮೊಮ್ಮೆ ಹೀಗೆ, ಒಮ್ಮೊಮ್ಮೆ ಹಾಗೆ ಎಂದವರು ಶೇ. 37. ಜೈಲಿನಲ್ಲಿರುವವರು ಸಿಕ್ಕಿಬಿದ್ದವರು, ಅದರಲ್ಲೂ ಯೋಜನೆ ಹಾಕದವರೇ ಹೆಚ್ಚು ಸಿಕ್ಕಿಬೀಳುತ್ತಾರೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗೆ ಕಳೆದರೂ, ಆ ಕ್ಷಣದ ಅವಕಾಶ ಕಂಡು ಕದಿಯುವವರ ಸಂಖ್ಯೆ ಚಿಕ್ಕದಲ್ಲ.

ನಮ್ಮ ಬೀಗ ಪಕ್ಕದವರಿಗೆ ಶಾಪವಾ?

ಇಲ್ಲೊಂದು ಗಟ್ಟಿ ಆಕ್ಷೇಪ ಇದೆ. ನಾನು ಲಾಕ್ ಮಾಡಿದರೆ ಕಳ್ಳ ಪಕ್ಕದವರ ಕಾರಿಗೆ ಹೋಗುತ್ತಾನೆ. ಊರಿನ ಒಟ್ಟು ಕಳ್ಳತನ ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಹಾಗಿದ್ದರೆ ಈ ಸಲಹೆ ಎಲ್ಲ ಸುಮ್ನೆ, ಅಲ್ವಾ?

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದು ಬೀಗವಲ್ಲ, ಹೆಲ್ಮೆಟ್. 1980ರಲ್ಲಿ ಪಶ್ಚಿಮ ಜರ್ಮನಿ ಹೆಲ್ಮೆಟ್ ಇಲ್ಲದೆ ಮೋಟರ್‌ಸೈಕಲ್ ಓಡಿಸುವವರಿಗೆ ಸ್ಥಳದಲ್ಲೇ ದಂಡ ಹಾಕಲು ಶುರು ಮಾಡಿತು. ಉದ್ದೇಶ ತಲೆ ಉಳಿಸುವುದು. ಆದರೆ ಮೋಟರ್‌ಸೈಕಲ್ ಕಳ್ಳತನ ದಬದಬನೆ ಇಳಿಯಿತು. ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಇದ್ದದ್ದು 1986ರ ಹೊತ್ತಿಗೆ ಸುಮಾರು 54 ಸಾವಿರಕ್ಕೆ ಬಂತು. ಕಾರಣ ಇಷ್ಟೇ. ಕಣ್ಣಿಗೆ ಬಿದ್ದ ಬೈಕನ್ನು ಆಸೆಗೆ ಎತ್ತಿಕೊಂಡು ಹೋಗುವವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ. ಹೆಲ್ಮೆಟ್ ಇಲ್ಲದೆ ಹೊರಟರೆ ಮುಂದಿನ ತಿರುವಿನಲ್ಲಿ ಪೊಲೀಸ್ ನಿಲ್ಲಿಸುತ್ತಾನೆ. ಹಾಗಾದರೆ ಆ ಲಕ್ಷ ಜನ ಕಾರು ಕದಿಯಲು ಹೋದರಾ? ಇಲ್ಲ. ಆ ವರ್ಷಗಳಲ್ಲಿ ಕಾರು ಕಳ್ಳತನ ಏರಿದ್ದು ತೀರಾ ಸ್ವಲ್ಪ. ಬಹುಪಾಲು ಕಳ್ಳತನ ಎಲ್ಲಿಗೂ ಹೋಗಲಿಲ್ಲ, ನಡೆಯಲೇ ಇಲ್ಲ.

ನೆದರ್‌ಲ್ಯಾಂಡ್ಸ್‌ನ ಉದಾಹರಣೆ ಬಾಗಿಲಿಗೆ ಇನ್ನೂ ಹತ್ತಿರ. 1999ರಿಂದ ಅಲ್ಲಿ ಹೊಸ ಮನೆ ಕಟ್ಟುವವರು ಸುಲಭಕ್ಕೆ ಮೀಟಲಾಗದ ಬಾಗಿಲು, ಕಿಟಕಿಗಳನ್ನೇ ಹಾಕಬೇಕು. ಆಮೇಲೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಹೊಸ ಮನೆಗಳಿಗೆ ವರ್ಷದಲ್ಲಿ ಕನ್ನ ಬೀಳುವ ಸಂಭವ ಶೇ. 1.1ರಿಂದ ಶೇ. 0.8ಕ್ಕೆ, ಅಂದರೆ ಸುಮಾರು ಕಾಲು ಭಾಗ ಇಳಿದಿತ್ತು. ಸುತ್ತಲಿನ ಹಳೆ ಮನೆಗಳಿಗೆ ಕಳ್ಳರು ತಿರುಗಿದ ಗುರುತು ಸಿಗಲಿಲ್ಲ.

ಹಾಗಂತ ಕಳ್ಳತನ ಯಾವತ್ತೂ ಜಾಗ ಬದಲಿಸುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ಟಿಯರಿಂಗ್ ಲಾಕ್ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಪಶ್ಚಿಮ ಜರ್ಮನಿ 1960ರ ದಶಕದ ಶುರುವಿನಲ್ಲಿ ಹೊಸದು ಹಳೆಯದು ಎನ್ನದೆ ಎಲ್ಲ ಕಾರುಗಳಿಗೂ ಅದನ್ನು ಕಡ್ಡಾಯ ಮಾಡಿತು, ಕಳ್ಳತನ ಇಳಿಯಿತು. ಬ್ರಿಟನ್ 1971ರಲ್ಲಿ ಹೊಸ ಕಾರುಗಳಿಗೆ ಮಾತ್ರ ತಂದಿತು. ಹೊಸ ಕಾರುಗಳ ಕಳ್ಳತನ ಇಳಿಯಿತು, ಹಳೆ ಕಾರುಗಳದು ಏರಿತು. ಪಕ್ಕದಲ್ಲೇ ಸುಲಭದ ವಸ್ತು ಉಳಿದಿದ್ದರೆ ಕಳ್ಳ ಅಲ್ಲಿಗೆ ಹೋಗುತ್ತಾನೆ. ಎಲ್ಲವೂ ಸ್ವಲ್ಪ ಕಷ್ಟವಾದರೆ ಬಹಳ ಜನ ಬಿಟ್ಟೇಬಿಡುತ್ತಾರೆ. ಇಡೀ ಬೀದಿಗೆ ಒಟ್ಟಿಗೆ ನೆನಪು ಮಾಡುವ ಒಂಬತ್ತು ಗಂಟೆಯ ಸಂದೇಶದ ಹಿಂದಿರುವ ತರ್ಕವೂ ಇದೇ. ಒಂದು ಮನೆಯ ಅಭ್ಯಾಸಕ್ಕಿಂತ ಬೀದಿಯ ಅಭ್ಯಾಸ ಹೆಚ್ಚು ಕೆಲಸ ಮಾಡುತ್ತದೆ.

ಲಾಕ್ ಮಾಡಿದರೂ ಹೋಗುವ ಕಾರು

ಈಗ ಎರಡನೆಯ ಕಳ್ಳನ ಕಡೆ ಬರೋಣ. ಕೀಯನ್ನು ಜೇಬಿನಿಂದ ತೆಗೆಯದೆ ಬಾಗಿಲು ತೆರೆದು, ಬಟನ್ ಒತ್ತಿ ಹೊರಡುವ ಕಾರುಗಳು ಬಂದು ವರ್ಷಗಳಾದವು. ಕೀ ಹತ್ತಿರ ಇದೆಯಾ ಎಂದು ಕಾರು ರೇಡಿಯೊ ಸಂಕೇತದಲ್ಲಿ ಕೇಳುತ್ತದೆ, ಕೀ ಉತ್ತರಿಸುತ್ತದೆ. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಮನೆಯ ಗೋಡೆಯ ಪಕ್ಕ, ಇನ್ನೊಬ್ಬ ಕಾರಿನ ಪಕ್ಕ. ಮಧ್ಯದಲ್ಲಿ ಸಂಕೇತವನ್ನು ದಾಟಿಸುವ ಸಾಧನ. ಒಳಗೆ ಮೊಳೆಗೆ ನೇತುಬಿದ್ದ ಕೀ ತನ್ನ ಪಕ್ಕದಲ್ಲೇ ಇದೆ ಎಂದು ಕಾರು ನಂಬುತ್ತದೆ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ 2016ರಿಂದ ಇದನ್ನು ನೂರಾರು ಮಾದರಿಗಳ ಮೇಲೆ ಪರೀಕ್ಷಿಸಿ ತೋರಿಸುತ್ತಾ ಬಂದಿದೆ. ಬಹುತೇಕ ಕಾರುಗಳು ಸೋತಿವೆ.

ಇಲ್ಲಿಂದ ಒಂದು ವಿಚಿತ್ರ ಪರಿಣಾಮ ಹುಟ್ಟುತ್ತದೆ. ಈ ಕಳ್ಳತನದಲ್ಲೂ ಗಾಜಿನ ಚೂರು ಬೀಳುವುದಿಲ್ಲ, ಬಾಗಿಲಿಗೆ ಗೀರು ಬೀಳುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಖಾಲಿ ಜಾಗ. ಲಾಕ್ ಮಾಡಿದ್ದೆ ಎಂದು ಮಾಲೀಕ ಎಷ್ಟು ಹೇಳಿದರೂ, ಪೊಲೀಸರಿಗೂ ವಿಮೆಯವರಿಗೂ ಮೊದಲು ಬರುವ ಅನುಮಾನ ಮರೆತಿರಬೇಕು ಎಂದೇ. ಮರೆತವನ ಕಾರು, ಮರೆಯದವನ ಕಾರು ಎರಡೂ ನೋಡಲು ಒಂದೇ ಥರ ಕಳವಾಗುತ್ತವೆ. ಟೊರಾಂಟೊದ ಆ ಸಲಹೆಯ ಹಿಂದೆ ಇರುವುದು ಇದರ ಮುಂದಿನ ಹೆಜ್ಜೆ. ಸಂಕೇತ ದಾಟಿಸುವುದು ಆಗದಿದ್ದಾಗ ಕಳ್ಳರು ಕೀಗಾಗಿ ಮನೆಗೇ ನುಗ್ಗಲು ಶುರು ಮಾಡಿದರು. ಕಾರು ಗಟ್ಟಿಯಾದಷ್ಟೂ ಮನುಷ್ಯನೇ ಬೀಗವಾಗುತ್ತಾನೆ ಎನ್ನುವ ಭಯ ಆ ಅಧಿಕಾರಿಯದು. ಭಯ ನಿಜವೇ. ಆದರೆ ಕೀ ಬಾಗಿಲ ಬಳಿ ಇಟ್ಟರೆ ಸಂಕೇತ ಕದಿಯುವವನಿಗೆ ಅದೇ ಅತಿ ಒಳ್ಳೆಯ ಜಾಗ. ಲೋಹದ ಪದರ ಇರುವ ಚೀಲದಲ್ಲಿ ಹಾಕಿಡದಿದ್ದರೆ ಈ ಸಲಹೆ ಒಂದು ಅಪಾಯ ಕಡಿಮೆ ಮಾಡಿ ಇನ್ನೊಂದನ್ನು ಹೆಚ್ಚಿಸುತ್ತದೆ.

ತಯಾರಕರ ಪಾಲು ಎಷ್ಟು ಎನ್ನುವುದಕ್ಕೆ ಅಮೆರಿಕದ ಹ್ಯುಂಡೈ, ಕಿಯಾ ಪ್ರಕರಣ ಸಾಕು. ಕೀಯಲ್ಲಿರುವ ಚಿಪ್ಪನ್ನು ಗುರುತಿಸದಿದ್ದರೆ ಎಂಜಿನ್ ಚಾಲೂ ಆಗಲು ಬಿಡದ ಇಮ್ಮೊಬಿಲೈಸರ್ ಎಂಬ ಸಾಧನ ಇದೆ. ಯುರೋಪಿಯನ್ ಒಕ್ಕೂಟ ಅದನ್ನು 1998ರಲ್ಲಿ, ಆಸ್ಟ್ರೇಲಿಯಾ 2001ರಲ್ಲಿ, ಕೆನಡಾ 2007ರಲ್ಲಿ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದವು. ಅಮೆರಿಕ ಮಾಡಲಿಲ್ಲ. ಕಡ್ಡಾಯ ಇಲ್ಲದ ಕಡೆ ಈ ಎರಡು ಕಂಪನಿಗಳು ಎಷ್ಟೋ ಮಾದರಿಗಳಲ್ಲಿ ಅದನ್ನು ಹಾಕಲೇ ಇಲ್ಲ. ಕೀ ಇಲ್ಲದೆ ಅವನ್ನು ಹೇಗೆ ಓಡಿಸುವುದು ಎಂದು ಮಿಲ್ವಾಕಿ ನಗರದ ಹುಡುಗರು ತೋರಿಸಿದ ವಿಡಿಯೊಗಳು ದೇಶವಿಡೀ ಹರಡಿದವು. 2023ರ ಫೆಬ್ರವರಿಯಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಈ ಕಳ್ಳತನಗಳಿಗೆ ಸಂಬಂಧಿಸಿದ 8 ಸಾವುಗಳು ವರದಿಯಾಗಿವೆ ಎಂದಿತು. ಸುಮಾರು 83 ಲಕ್ಷ ಕಾರುಗಳಿಗೆ ಸಾಫ್ಟ್‌ವೇರ್ ಬದಲಾವಣೆ ಘೋಷಣೆಯಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಗಮನಿಸಬೇಕಾದ ವಿವರ ಇನ್ನೊಂದಿದೆ. ಹ್ಯುಂಡೈ ಕೊಟ್ಟ ಆ ಹೊಸ ಸಾಫ್ಟ್‌ವೇರ್ ಎಚ್ಚರಗೊಳ್ಳುವುದು ಮಾಲೀಕ ರಿಮೋಟ್‌ನಿಂದ ಬಾಗಿಲು ಲಾಕ್ ಮಾಡಿದಾಗ. ಮರೆತು ಹಾಗೇ ಬಿಟ್ಟುಹೋದರೆ ಅದೂ ಮಲಗಿರುತ್ತದೆ. ತಯಾರಕರ ಹೊಣೆ, ಮಾಲೀಕರ ಅಭ್ಯಾಸ ಎರಡೂ ರಿಮೋಟ್‌ನ ಒಂದೇ ಬಟನ್‌ನಲ್ಲಿ ಬಂದು ನಿಂತವು.

ಬೇಕಂತಲೇ ತೆರೆದಿಡುವವರು

ಮರೆವಿನಿಂದಲ್ಲ, ಲೆಕ್ಕ ಹಾಕಿಯೇ ಲಾಕ್ ಮಾಡದವರೂ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊ ಕಡೆಯವರ ವಾದ ಹೀಗೆ: ಕಳ್ಳ ಗಾಜು ಒಡೆದೇ ನೋಡುತ್ತಾನೆ, ಒಳಗೆ ಏನೂ ಇಲ್ಲದಿದ್ದರೂ ಗಾಜಿನ ಖರ್ಚು ನನಗೆ. ಗಾಜು ಒಡೆಯುವುದೇ ರೂಢಿಯಾದ ಜಾಗದಲ್ಲಿ ಈ ಲೆಕ್ಕಕ್ಕೆ ಅರ್ಥ ಇದೆ. ಆದರೆ ಪೊಲೀಸರು ಬೇಡ ಎಂದರು. ತೆರೆದ ಕಾರಿನಲ್ಲಿ ಬ್ಯಾಟರಿ, ಸೀಟು, ಹೆಚ್ಚುವರಿ ಟೈರು ಇರುತ್ತವೆ. ಒಳಗೆ ಯಾರಾದರೂ ಬಂದು ಮಲಗಬಹುದು. ಕಾರನ್ನೇ ಓಡಿಸಿಕೊಂಡು ಹೋಗಲು ನಿಧಾನವಾಗಿ ಕೆಲಸ ಮಾಡಬಹುದು.

ಇದಕ್ಕೆ ಪೂರ್ತಿ ಬೇರೆಯದು ಕೆನಡಾದ ಉತ್ತರದ ಚರ್ಚಿಲ್ ಎಂಬ ಚಿಕ್ಕ ಊರು. ಅಲ್ಲಿ ಹಿಮಕರಡಿಗಳು ಬೀದಿಗೆ ಬರುತ್ತವೆ. ಎದುರಿಗೆ ಕರಡಿ ಕಂಡವನು ಹತ್ತಿರದ ಕಾರಿಗೋ ಮನೆಗೋ ನುಗ್ಗಿ ಜೀವ ಉಳಿಸಿಕೊಳ್ಳಲಿ ಎಂದು ಜನ ಲಾಕ್ ಮಾಡದೆ ಬಿಡುತ್ತಾರೆ. ಕಾರು ಹೋಗುವುದಕ್ಕಿಂತ ಕರಡಿಯ ಭಯ ದೊಡ್ಡದಾಗಿರುವ ಕಡೆ ಅದು ಸರಿಯಾದ ಲೆಕ್ಕವೇ. ಜೊತೆಗೆ ಊರಿನಿಂದ ಹೊರಗೆ ಹೋಗುವ ರಸ್ತೆಯೇ ಇಲ್ಲದ ಕಡೆ ಕಾರು ಕದ್ದವನು ಎಲ್ಲಿಗೆ ಓಡಿಸಿಕೊಂಡು ಹೋಗುತ್ತಾನೆ?

ತೆರೆದ ಬಾಗಿಲು, ಕಾನೂನಿನ ಕಣ್ಣಲ್ಲಿ

ಬಾಗಿಲು ತೆರೆದಿತ್ತು ಎಂಬ ಕಾರಣಕ್ಕೆ ಕಳ್ಳತನ ಕಳ್ಳತನವಾಗದೆ ಹೋಗುತ್ತಾ? ಎಲ್ಲೂ ಇಲ್ಲ. ಆದರೆ ಯಾವ ಅಪರಾಧ, ಎಷ್ಟು ಶಿಕ್ಷೆ ಎನ್ನುವುದು ಬದಲಾಗಬಹುದು. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಕನ್ನಗಳವು ಎನ್ನಿಸಿಕೊಳ್ಳಲು "ಮುರಿದು ಒಳಗೆ ಬರುವುದು" ಆಗಲೇಬೇಕಿತ್ತು. 18ನೇ ಶತಮಾನದ ನ್ಯಾಯವಾದಿ ವಿಲಿಯಂ ಬ್ಲ್ಯಾಕ್‌ಸ್ಟೋನ್ ಇದನ್ನು ಬಹಳ ಖಡಕ್ಕಾಗಿ ಬರೆದಿಟ್ಟಿದ್ದಾನೆ. ಬಾಗಿಲು, ಕಿಟಕಿ ತೆರೆದಿಟ್ಟರೆ ಅದು ಮನೆಯವನ ದಡ್ಡತನ, ಅಲ್ಲಿಂದ ಒಳಗೆ ಬಂದವನದು ಕನ್ನಗಳವು ಅಲ್ಲ. ಆದರೆ ಚಿಲಕ ಸರಿಸಿದರೂ ಸಾಕು, ಅದು ಮುರಿದ ಲೆಕ್ಕ. ಈ ಗಡಿಯನ್ನು ಇಂಗ್ಲೆಂಡ್ 1968ರ ಥೆಫ್ಟ್ ಆಕ್ಟ್‌ನಲ್ಲಿ ಅಳಿಸಿಹಾಕಿತು. ಈಗ ಅಲ್ಲಿ ಅನುಮತಿ ಇಲ್ಲದೆ ಕದಿಯುವ ಉದ್ದೇಶದಿಂದ ಒಳಗೆ ಕಾಲಿಟ್ಟರೆ ಸಾಕು.

ಭಾರತದ ಕಾನೂನಿನಲ್ಲಿ ವ್ಯತ್ಯಾಸ ಈಗಲೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, ಸುಮ್ನೆ ಒಳಗೆ ಬರುವ ಅತಿಕ್ರಮ ಪ್ರವೇಶ ಬೇರೆ, ಬೀಗ ತೆಗೆದೋ ಗೋಡೆ ಹತ್ತಿಯೋ ಬರುವ ಮನೆಗನ್ನ ಬೇರೆ ಎಂದು ಎಣಿಸುತ್ತದೆ. ಆದರೆ ವಾಸದ ಮನೆಯೊಳಗಿನ ಕಳ್ಳತನಕ್ಕೆ ಪ್ರತ್ಯೇಕವಾಗಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಅಲ್ಲಿ ಬಾಗಿಲು ಹಾಕಿತ್ತೋ ಇಲ್ಲವೋ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ತೊಡಕು ಆಗಿದ್ದು ಸ್ಯಾನ್ ಫ್ರಾನ್ಸಿಸ್ಕೊ ಇರುವ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ಅಲ್ಲಿ ಕಾರಿನ ಕನ್ನಗಳವು ಎಂದು ಶಿಕ್ಷೆ ಕೊಡಿಸಲು ಬಾಗಿಲುಗಳು ಲಾಕ್ ಆಗಿದ್ದವು ಎಂದು ರುಜುವಾತು ಮಾಡಬೇಕಿತ್ತು. ಒಡೆದ ಗಾಜು ಮಾತ್ರ ಸಾಲುತ್ತಿರಲಿಲ್ಲ. ಮಾಲೀಕ ಕೋರ್ಟಿಗೆ ಬಂದು ನಾನು ಲಾಕ್ ಮಾಡಿದ್ದೆ ಎಂದು ಸಾಕ್ಷಿ ಹೇಳಬೇಕು. ಪ್ರವಾಸಿಗಳ ಬಾಡಿಗೆ ಕಾರುಗಳೇ ಹೆಚ್ಚು ಬಲಿಯಾಗುವ ಊರಿನಲ್ಲಿ ಆ ಪ್ರವಾಸಿ ಆಗಲೇ ತನ್ನ ದೇಶಕ್ಕೆ ವಾಪಸಾಗಿರುತ್ತಿದ್ದ. ಗಾಜು ಒಡೆಯುವುದನ್ನು ಪೊಲೀಸರು ಕಣ್ಣಾರೆ ಕಂಡಿದ್ದರೂ ಪ್ರಕರಣ ನಿಲ್ಲುವುದು ಕಷ್ಟವಾಗುತ್ತಿತ್ತು. ವರ್ಷಗಳ ಹಗ್ಗಜಗ್ಗಾಟದ ನಂತರ 2024ರ ಆಗಸ್ಟ್‌ನಲ್ಲಿ ಹೊಸ ಕಾನೂನಿಗೆ ಸಹಿ ಬಿತ್ತು. ಕದಿಯುವ ಉದ್ದೇಶದಿಂದ ಬಲ ಬಳಸಿ ವಾಹನದೊಳಗೆ ಹೋಗುವುದೇ ಈಗ ಪ್ರತ್ಯೇಕ ಅಪರಾಧ, ಲಾಕ್ ಆಗಿತ್ತೆಂದು ತೋರಿಸಬೇಕಿಲ್ಲ. ಆದರೆ "ಬಲ ಬಳಸಿ" ಎಂಬ ಮಾತು ಉಳಿದಿದೆ. ಗಾಜು ಉಳಿಸಲು ಕಿಟಕಿ ಇಳಿಸಿ ಹೋದವನ ಕಾರಿಗೆ ಕೈಹಾಕಿದವನು ಈ ಹೊಸ ಬಲೆಗೂ ಬೀಳುವುದಿಲ್ಲ. ಗಾಜು ಉಳಿಯಿತು, ಕಾನೂನಿನ ಹಿಡಿತ ಸಡಿಲವಾಯಿತು.

ತಪ್ಪು ಯಾರದು, ನಷ್ಟ ಯಾರಿಗೆ

ಲಾಕ್ ಮಾಡಿ ಎಂದು ಪೊಲೀಸರು ಪದೇ ಪದೇ ಹೇಳುವಾಗ ಕಳಕೊಂಡವರಿಗೆ ಕೋಪ ಬರುತ್ತದೆ. ಕದ್ದವನನ್ನು ಬಿಟ್ಟು ನಮಗೇ ಬುದ್ಧಿ ಹೇಳುತ್ತೀರಾ ಎನ್ನುತ್ತಾರೆ. ಈ ಕೋಪದಲ್ಲಿ ಅರ್ಧ ನ್ಯಾಯ ಇದೆ. ಯಾವ ಕಾರಣದಿಂದ ಕಳ್ಳತನ ಸುಲಭವಾಯಿತು ಎನ್ನುವುದು ಒಂದು ಪ್ರಶ್ನೆ. ತಪ್ಪು ಯಾರದು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ತೆರೆದ ಬಾಗಿಲು ಆಗಬಹುದು. ಎರಡನೆಯದಕ್ಕೆ ಉತ್ತರ ಯಾವಾಗಲೂ ಕದ್ದವನೇ. ಪೊಲೀಸ್ ಹೇಳಿಕೆಗಳು ಇವೆರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದಾಗ ತೊಂದರೆ ಶುರುವಾಗುತ್ತದೆ. ಅದರಲ್ಲೂ ಕಳವಾದ ಮರುದಿನ ದೂರು ಕೊಡಲು ಬಂದವರ ಮುಂದೆ ಇದನ್ನು ಹೇಳಿದರೆ, ಮುಂದಿನ ಸಲ ಅವರು ದೂರು ಕೊಡಲು ಬರುವುದೇ ಇಲ್ಲ.

ಆದರೂ ಕೆಲವು ದೇಶಗಳ ಕಾನೂನು ಮಾಲೀಕನನ್ನೂ ಬಿಡುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಚಾಲಕ ಕಾರಿನಿಂದ 3 ಮೀಟರ್‌ಗಿಂತ ದೂರ ಹೋಗುವುದಾದರೆ ಎಂಜಿನ್ ಆರಿಸಬೇಕು, ಒಳಗೆ ಯಾರೂ ಇಲ್ಲದಿದ್ದರೆ ಕೀ ತೆಗೆದು ಲಾಕ್ ಮಾಡಬೇಕು. ಜರ್ಮನಿಯ ಸಂಚಾರ ನಿಯಮವೂ ಪರರು ಓಡಿಸದಂತೆ ವಾಹನವನ್ನು ಭದ್ರಪಡಿಸುವುದು ಚಾಲಕನ ಕರ್ತವ್ಯ ಎನ್ನುತ್ತದೆ. ಇದರ ಹಿಂದಿನ ಯೋಚನೆ ಮಾಲೀಕನ ಸೊತ್ತು ಕಾಯುವುದಲ್ಲ, ಬೀದಿಯಲ್ಲಿರುವ ಮೂರನೆಯವರನ್ನು ಕಾಯುವುದು. ಕದ್ದ ಕಾರನ್ನು ಯಾರೂ ನಿಧಾನವಾಗಿ ಓಡಿಸುವುದಿಲ್ಲ. 1943ರಲ್ಲಿ ಅಮೆರಿಕದ ರಾಜಧಾನಿಯ ಮೇಲ್ಮನವಿ ಕೋರ್ಟಿನ ಮುಂದೆ ರಾಸ್ ವಿರುದ್ಧ ಹಾರ್ಟ್‌ಮನ್ ಎಂಬ ಪ್ರಕರಣ ಬಂತು. ಕೀ ಸಮೇತ ಓಣಿಯಲ್ಲಿ ಬಿಟ್ಟ ಟ್ರಕ್ಕನ್ನು ಎರಡು ಗಂಟೆಯೊಳಗೆ ಯಾರೋ ಓಡಿಸಿಕೊಂಡು ಹೋಗಿ ಒಬ್ಬರಿಗೆ ಗುದ್ದಿದ್ದರು. ಗುದ್ದಿದ್ದು ಕಳ್ಳ, ನಿಜ. ಆದರೆ ಲಾಕ್ ಮಾಡಿ ಎಂಬ ನಿಯಮ ಇದ್ದದ್ದೇ ಇಂಥ ಅನಾಹುತ ತಡೆಯಲು, ಹಾಗಾಗಿ ಟ್ರಕ್ಕಿನ ಮಾಲೀಕನೂ ಹೊಣೆ ಎಂದು ಕೋರ್ಟ್ ಹೇಳಿತು. ಬೇರೆ ರಾಜ್ಯಗಳ ಎಲ್ಲ ಕೋರ್ಟುಗಳೂ ಇದನ್ನು ಒಪ್ಪಿಲ್ಲ. ಕಳ್ಳನ ಚಾಲನೆಗೆ ಮಾಲೀಕ ಹೇಗೆ ಹೊಣೆಯಾಗುತ್ತಾನೆ ಎನ್ನುವ ವಾದ ಇಂದಿಗೂ ಜೀವಂತ.

ವಿಮೆಯಲ್ಲಿ ಈ ಜಗಳ ನೇರವಾಗಿ ದುಡ್ಡಿಗೆ ಬರುತ್ತದೆ. ಮಾಲೀಕ ತಕ್ಕಮಟ್ಟಿನ ಎಚ್ಚರ ವಹಿಸಬೇಕು ಎನ್ನುವ ಷರತ್ತು ಹೆಚ್ಚಿನ ಪಾಲಿಸಿಗಳಲ್ಲಿ ಇರುತ್ತದೆ. ಕೀ ಕಾರಿನಲ್ಲೇ ಇತ್ತು ಎಂದು ಗೊತ್ತಾದರೆ ಕಂಪನಿ ಪರಿಹಾರ ನಿರಾಕರಿಸಬಹುದು. ಹೀಗೆ ನಿರಾಕರಿಸಿದ ಒಂದು ಪ್ರಕರಣ 2023ರಲ್ಲಿ ಭಾರತದ ಸುಪ್ರೀಂ ಕೋರ್ಟಿಗೆ ಬಂತು. ಚಾಲಕ ಹೋಗಬೇಕಾದ ಜಾಗ ಎಲ್ಲಿ ಎಂದು ಕೇಳಲು ಕೀ ಬಿಟ್ಟು ಇಳಿದಾಗ ವಾಹನ ಕಳವಾಗಿತ್ತು. ಇದು ಪಾಲಿಸಿಯ ಬುಡವನ್ನೇ ಮುರಿಯುವ ತಪ್ಪಲ್ಲ ಎಂದ ಕೋರ್ಟ್ ಶೇ. 75ರಷ್ಟು ಪರಿಹಾರ ಕೊಡಿಸಿತು. ಪೂರ್ತಿಯೂ ಅಲ್ಲ, ಸೊನ್ನೆಯೂ ಅಲ್ಲ. ಎಚ್ಚರ ತಪ್ಪಿದ್ದಕ್ಕೆ ಕಾಲು ಭಾಗ ಕಡಿತ. ಈ ಗೊಂದಲದ ನಡುವೆ ನನಗೆ ಅತಿ ಸಮಂಜಸ ಎನ್ನಿಸುವ ತೀರ್ಪು ಇದು.

ಕದ್ದದ್ದು ಚಿಕ್ಕದು, ಆಮೇಲಿನದು ದೊಡ್ಡದು

ಕಾರಿನಲ್ಲಿ ಕದಿಯುವಂಥದ್ದು ಏನೂ ಇಲ್ಲ ಎನ್ನುವವರು ಒಂದನ್ನು ಮರೆಯುತ್ತಾರೆ. ಗ್ಯಾರೇಜಿನ ಬಾಗಿಲು ತೆರೆಯುವ ರಿಮೋಟ್, ವಿಳಾಸ ಇರುವ ದಾಖಲೆ, ಮನೆಯ ಹೆಚ್ಚುವರಿ ಕೀ ಕಾರಿನಲ್ಲೇ ಇರುತ್ತವೆ. ಕಾರಿನಿಂದ ಮನೆಗೆ ದಾರಿ ಅಲ್ಲೇ ಸಿದ್ಧ. ಅಮೆರಿಕದಲ್ಲಿ ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಲಾಕ್ ಮಾಡದ ಕಾರುಗಳಿಂದ ಬಂದೂಕುಗಳು ಕಳವಾಗಿ ಬೇರೆ ಅಪರಾಧಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕೊಲರಾಡೊ ರಾಜ್ಯ 2025ರ ಜನವರಿಯಿಂದ, ಯಾರೂ ಇಲ್ಲದ ಕಾರಿನಲ್ಲಿ ಕೈಬಂದೂಕು ಬಿಡುವುದಾದರೆ ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕಣ್ಣಿಗೆ ಬೀಳದಂತೆ ಇಡಬೇಕು ಎಂದು ಕಾನೂನು ಮಾಡಿದೆ.

ಎಂಜಿನ್ ಚಾಲೂ ಇಟ್ಟು ಒಂದೇ ನಿಮಿಷ ಎಂದು ಅಂಗಡಿಗೆ ಹೋದಾಗ ಕಾರಿನ ಜೊತೆ ಹಿಂದಿನ ಸೀಟಿನ ಮಗುವೂ ಹೋದ ಸುದ್ದಿಗಳನ್ನು ಎಲ್ಲರೂ ಓದಿರುತ್ತೇವೆ. ಕಳ್ಳನಿಗೂ ಮಗು ಇದ್ದದ್ದು ಗೊತ್ತಿರುವುದಿಲ್ಲ. ಕಾರು ಕದಿಯಲು ಬಂದವನು ಅಪಹರಣದ ಆರೋಪಿಯಾಗುತ್ತಾನೆ. ಇನ್ನೊಂದು ಅಪಾಯಕ್ಕೆ ಕಳ್ಳನೇ ಬೇಕಿಲ್ಲ. ಅಮೆರಿಕದಲ್ಲಿ ಬಿಸಿಲಿಗೆ ಕಾದ ಕಾರಿನೊಳಗೆ ಸಾಯುವ ಮಕ್ಕಳಲ್ಲಿ ಸುಮಾರು ಕಾಲು ಭಾಗ, ನಿಲ್ಲಿಸಿದ ಕಾರಿನ ಬಾಗಿಲು ತೆರೆದು ತಾವಾಗಿಯೇ ಒಳಗೆ ಹೋದವರು.

ಮುಂದೆ ಏನಾಗಬಹುದು

ಹೊಸ ಕಾರುಗಳಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೊ ತಂತ್ರ ಬರುತ್ತಿದೆ. ಸಂಕೇತ ಹೋಗಿ ಬರಲು ತೆಗೆದುಕೊಂಡ ಸಮಯ ಅಳೆದು ಕೀ ನಿಜಕ್ಕೂ ಎಷ್ಟು ದೂರ ಇದೆ ಎಂದು ಕಾರು ಲೆಕ್ಕ ಹಾಕುತ್ತದೆ. ಮಧ್ಯದಲ್ಲಿ ಸಂಕೇತ ದಾಟಿಸುವವನಿಗೆ ಆ ಸಮಯವನ್ನು ಕಡಿಮೆ ಮಾಡಲು ಬರುವುದಿಲ್ಲ. ಕೆಲವು ಕೀಗಳು ಅಲುಗಾಡದೆ ಬಿದ್ದಿದ್ದರೆ ತಾವಾಗಿಯೇ ಮಲಗುತ್ತವೆ. ಇವು ಎಲ್ಲ ಕಾರುಗಳಿಗೆ ಬರುವವರೆಗೆ ಬ್ರಿಟನ್ನಿನ ಸ್ಟಿಯರಿಂಗ್ ಲಾಕ್ ಕಾಲದ ಹಾಗೇ ಹಳೆ ಕಾರುಗಳ ಮೇಲೆ ಒತ್ತಡ ಜಾಸ್ತಿಯಾಗುವ ಸಾಧ್ಯತೆ ಇದೆ.

ಇದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತಿದೆ. ಆ್ಯಪ್‌ಗೆ ಜೋಡಿಸಿದ ಕಾರುಗಳು, ಮನೆಯ ಸ್ಮಾರ್ಟ್ ಬೀಗಗಳು ಯಾವ ಹೊತ್ತಿಗೆ ಲಾಕ್ ಆಯಿತು, ಯಾವಾಗ ತೆರೆಯಿತು ಎಂದು ದಾಖಲೆ ಇಡಬಲ್ಲವು. ಗೀರಿಲ್ಲದೆ ಕಳವಾದ ಕಾರಿನ ಮಾಲೀಕನಿಗೆ ಆ ಸಾಲು ದೊಡ್ಡ ಆಸರೆ. 11 ಗಂಟೆಗೆ ಲಾಕ್ ಆಗಿತ್ತು ಎಂದು ಯಾರ ಸಾಕ್ಷಿಯೂ ಇಲ್ಲದೆ ತೋರಿಸಬಹುದು. ಆದರೆ ಅದೇ ದಾಖಲೆಯಲ್ಲಿ ಆ ರಾತ್ರಿ ಲಾಕ್ ಆಗಿದ್ದಕ್ಕೆ ಸಾಲೇ ಇಲ್ಲದಿದ್ದರೆ, ಅದನ್ನು ಮೊದಲು ಕೇಳುವುದು ವಿಮಾ ಕಂಪನಿ. ಆ ದಾಖಲೆಯನ್ನು ಕೇಳುವ ಹಕ್ಕು ಅವರಿಗೆ ಇದೆಯಾ, ಮಾಲೀಕ ಕೊಡಲೇಬೇಕಾ ಎನ್ನುವುದು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ತೀರ್ಮಾನವಾಗುವ ಮುಂದಿನ ಜಗಳ.